ಮೂರು ಡೊಮೇನ್, ಒಂದೇ ಅಂಗಡಿ: ಐದು ವರ್ಷ ಫಾರ್ವರ್ಡಿಂಗ್ ಬಳಸಿದ ಅನುಭವ

ಮಂಗಳೂರಿನ ರಥಬೀದಿ ಹತ್ತಿರ ನಮ್ಮದು ಹಪ್ಪಳ, ಉಪ್ಪಿನಕಾಯಿ ಅಂಗಡಿ. ವೆಬ್‌ಸೈಟ್ ಒಂದೇ, ಹೆಸರು (ಡೊಮೇನ್) ಮಾತ್ರ ಮೂರು. ಮೊದಲು ಕೊಂಡದ್ದು 'ಮ್ಯಾಂಗಲೋರ್' ಇರುವ ಡಾಟ್ ಕಾಮ್. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಊರು 'ಮಂಗಳೂರು' ಆಯಿತಲ್ವಾ, ಆಮೇಲೆ ಆ ಹೆಸರಿನ ಡಾಟ್ ಇನ್ ತೆಗೆದುಕೊಂಡೆವು. ಈಗ ಸೈಟ್ ಇರುವುದು ಅದರಲ್ಲೇ. ಮ್ಯಾಂಗಲೋರ್ ಬರೆಯುವಾಗ ನಡುವಿನ 'ಎ' ನುಂಗುವವರು ಜಾಸ್ತಿ, ಅವರಿಗೋಸ್ಕರ ಮೂರನೆಯದು.

ಉಳಿದ ಎರಡಕ್ಕೂ ಡೊಮೇನ್ ಕಂಪನಿಯ ಉಚಿತ ಫಾರ್ವರ್ಡಿಂಗ್ ಹಾಕಿದೆ, ಅಂದರೆ ಆ ಹೆಸರು ಒತ್ತಿದವರನ್ನು ಡಾಟ್ ಇನ್ ಸೈಟಿಗೆ ಕಳಿಸುವ ವ್ಯವಸ್ಥೆ. ಐದು ನಿಮಿಷದ ಕೆಲಸ. ಅಲ್ಲಿ 'ಮಾಸ್ಕಿಂಗ್' ಅಂತ ಒಂದು ಆಯ್ಕೆ ಇತ್ತು. ವಿಳಾಸ ಹಳೆಯದೇ ಕಾಣುತ್ತದೆ ಅಂತ ಆಸೆಗೆ ಅದನ್ನೂ ಒತ್ತಿದೆ. ಅದು ನಮ್ಮ ಪುಟವನ್ನು ಬರೀ ಒಂದು ಚೌಕಟ್ಟಿನೊಳಗೆ ತೋರಿಸುತ್ತದೆ. ಹಣ ಕಟ್ಟುವ ಪುಟ ಅದರೊಳಗೆ ತೆರೆಯಲೇ ಇಲ್ಲ. ವಾರದೊಳಗೆ ತೆಗೆದು ಹಾಕಿದೆ.

ಫಾರ್ವರ್ಡಿಂಗ್ ಬಗೆಯಲ್ಲಿ ಮೊದಲೇ ಆಯ್ಕೆಯಾಗಿದ್ದದ್ದು 302 ಎಂಬ ಕೋಡ್, ಅಂದರೆ 'ತಾತ್ಕಾಲಿಕ'. ಹುಡುಕಿದರೆ ಹಳೆಯ ಹೆಸರೇ ಮೇಲೆ ಬರುತ್ತಿತ್ತು. 301, ಅಂದರೆ ಶಾಶ್ವತ, ಮಾಡಿದ ಮೇಲೆ ನಿಧಾನಕ್ಕೆ ಸರಿಹೋಯಿತು. ಆದರೆ ಬ್ರೌಸರ್ 301 ಅನ್ನು ನೆನಪಿಟ್ಟುಕೊಳ್ಳುತ್ತದೆ, ತಪ್ಪು ವಿಳಾಸ ಕೊಟ್ಟರೆ ಒದ್ದಾಡಬೇಕು. ಮೊದಲು 302ರಲ್ಲೇ ನೋಡಿಕೊಳ್ಳಿ.

ನಿಜವಾದ ತಲೆನೋವು ಬಾಟಲಿ ಲೇಬಲ್. ಮಿಡಿ ಉಪ್ಪಿನಕಾಯಿಯ ಕ್ಯೂಆರ್ ಕೋಡಿನಲ್ಲಿದ್ದದ್ದು ಹಳೆಯ ಡಾಟ್ ಕಾಮ್, ಅದೂ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಸಮೇತ. ಒಬ್ಬರು ಫೋನ್ ಮಾಡಿದರು: "ಮಾರಾಯ್ರೆ, ನಿಮ್ಮ ಸೈಟಿಗೆ ಎಂತ ಆಗಿದೆ? ಸುರಕ್ಷಿತ ಅಲ್ಲ ಅಂತ ಬರ್ತದೆ." ಅಂಥ ವಿಳಾಸದಲ್ಲಿ ಬ್ರೌಸರ್ ಮೊದಲು ನೋಡುವುದು ಸರ್ಟಿಫಿಕೇಟ್, ಅಂದರೆ ಆ ಹೆಸರಿನ ಸೈಟ್ ಇದೇ ಅನ್ನುವ ಗುರುತುಪತ್ರ. ಅದು ಸರಿ ಇದ್ದರೆ ಮಾತ್ರ ಮುಂದೆ ಎಲ್ಲಿಗೆ ಹೋಗಬೇಕು ಅಂತ ಕೇಳುತ್ತದೆ. ಉಚಿತ ಸೇವೆಯಲ್ಲಿ ನಮ್ಮ ಹಳೆಯ ಹೆಸರಿಗೆ ಸರ್ಟಿಫಿಕೇಟೇ ಇರಲಿಲ್ಲ. ಎಚ್ಚರಿಕೆ ದಾಟಿ ಹೋದವರಿಗೂ ಸಿಕ್ಕಿದ್ದು ಮುಖಪುಟ, ಮಿಡಿಯ ಪುಟ ಅಲ್ಲ. ವಿಳಾಸದ ಬಾಲವನ್ನು, ಅಂದರೆ ಡಾಟ್ ಕಾಮ್ ನಂತರ ಬರುವ ಪುಟದ ಹೆಸರನ್ನು, ಆ ಸೇವೆ ಕತ್ತರಿಸಿಬಿಡುತ್ತಿತ್ತು. ಸಹಾಯವಾಣಿಗೆ ಮೂರು ಸಲ ಬರೆದೆ, ಮೂರು ಸಲವೂ "ಬ್ರೌಸರಿನ ಕ್ಯಾಶ್ ಅಳಿಸಿ ನೋಡಿ" ಅಂದರು. ಲೇಬಲ್ ರಾಶಿ ಇನ್ನೂ ಗೋದಾಮಿನಲ್ಲಿತ್ತು.

ಕೊನೆಗೆ ಡಾಟ್ ಕಾಮ್‌ನ ಡಿಎನ್‌ಎಸ್ (ಹೆಸರು ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ವ್ಯವಸ್ಥೆ) ಅನ್ನು ಸೈಟ್ ಇಟ್ಟಿರುವ ನಮ್ಮ ಹೋಸ್ಟಿಂಗ್‌ಗೇ ತಿರುಗಿಸಿದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಹಾಕಿ, ಬಾಲ ಸಮೇತ 301 ಬರೆಸಿದೆ. ಅವತ್ತಿನಿಂದ ದೂರಿಲ್ಲ. ಆದರೆ ಹೀಗೆ ತಿರುಗಿಸುವಾಗ ಇಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆಗಳನ್ನು ಮರೆಯದೆ ಹೊಸ ಕಡೆಗೂ ಬರೆಯಬೇಕು. ನಾನು ಮರೆತೆ, ಎರಡು ದಿನ ಇಮೇಲಿನಲ್ಲಿ ಒಂದು ಆರ್ಡರೂ ಬರಲಿಲ್ಲ.

ಆ ಉಚಿತ ಫಾರ್ವರ್ಡಿಂಗ್‌ಗೆ ಐದರಲ್ಲಿ ಎರಡೂವರೆ ಸ್ಟಾರ್ ಕೊಡುತ್ತೇನೆ. 'ಎ' ನುಂಗಿದ ಡೊಮೇನ್ ಮಾತ್ರ ಈಗಲೂ ಅಲ್ಲೇ ಇದೆ. ಯಾಕೆಂದರೆ ಅದನ್ನು ನಾವು ಎಲ್ಲೂ ಮುದ್ರಿಸಿಲ್ಲ.