ಟೆಸ್ಟ್ ಬರೆಯೋದಾ, ಕೂತು ಮಾತಾಡೋದಾ?

ಶಿವಮೊಗ್ಗದಲ್ಲಿ ಕೆರಿಯರ್ ಕೌನ್ಸೆಲರ್ ಹುಡುಕುತ್ತಿದ್ದೀರಾ? ಅವರು ಕೆಲಸ ಮಾಡುವ ರೀತಿ ಯಾವುದು ಎಂದು ಮೊದಲು ಕೇಳಿ.

ಕೆಲವರು ಟೆಸ್ಟ್ ಕೊಡುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ, ಜನರ ಆಸಕ್ತಿ ಮತ್ತು ಕೆಲಸಗಳನ್ನು 6 ಬಗೆಗಳಾಗಿ ಮಾಡುವ ವಿಂಗಡಣೆಯೇ ಇಂಥ ಎಷ್ಟೋ ಟೆಸ್ಟ್‌ಗಳ ಬೇರು. ಬೇಗ ಮುಗಿಯುತ್ತದೆ. ಪಿಯುಸಿ ಮಕ್ಕಳಿಗೆ ಒಳ್ಳೆಯ ಶುರು.

ಇನ್ನು ಕೆಲವರು ನಿಮ್ಮ ಕಥೆ ಕೇಳುತ್ತಾರೆ. ಅಮೆರಿಕದ ಕೆರಿಯರ್ ಕೌನ್ಸೆಲಿಂಗ್ ತಜ್ಞ ಮಾರ್ಕ್ ಸಾವಿಕಾಸ್ ತೋರಿಸಿದ ದಾರಿ ಇದು. ಚಿಕ್ಕಂದಿನಲ್ಲಿ ಯಾರನ್ನು ಮೆಚ್ಚಿದ್ದಿರಿ? ಯಾವ ಕಥೆ ಇಷ್ಟ? ಹಳೆಯ ನೆನಪು ಯಾವುದು? ಉತ್ತರಗಳನ್ನು ಜೋಡಿಸಿದರೆ ಒಂದು ಎಳೆ ಕಾಣುತ್ತದೆ. ಬೆಂಗಳೂರಿನ ಕೆಲಸ ಬಿಟ್ಟು ತೀರ್ಥಹಳ್ಳಿಯ ಅಡಿಕೆ ತೋಟಕ್ಕೆ ಮರಳಲಾ ಎಂದು ಒದ್ದಾಡುವವರಿಗೆ ಟೆಸ್ಟ್‌ನ ಅಂಕಗಳು ಜಾಸ್ತಿ ಏನೂ ಹೇಳುವುದಿಲ್ಲ. ತೋಟದ ಆಸೆಯಾ, ಅಪ್ಪನ ಚಿಂತೆಯಾ, ಸುಮ್ನೆ ದಣಿವಾ? ಬಿಡಿಸಿ ನೋಡಬೇಕಲ್ವಾ? ಅಂಥವರು ಕಥೆ ಕೇಳುವ ಕೌನ್ಸೆಲರನ್ನೇ ಆರಿಸಲಿ, ಮೂರ್ನಾಲ್ಕು ಸಲ ಹೋಗಬೇಕಾಗಿ ಬಂದರೂ.