ಬ್ಯಾಂಕಿನ ಕನ್ನಡ ಚಾಟ್ ಸಹಾಯಕ: ಐದಕ್ಕೆ ಎರಡು ಅಂಕ

ನಮ್ಮ ಖಾತೆ ಇರುವ ಬ್ಯಾಂಕು ಕನ್ನಡದಲ್ಲಿ ಟೈಪ್ ಮಾಡಿ ಸಹಾಯ ಕೇಳುವ ಸೌಲಭ್ಯವನ್ನು ತನ್ನ ಆ್ಯಪ್‌ನಲ್ಲಿ ಒದಗಿಸಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ನಮ್ಮ ತಾಯಿ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಮೂರು ತಿಂಗಳಿಂದ ಇಬ್ಬರೂ ಅದನ್ನು ಬಳಸುತ್ತಿದ್ದೇವೆ.

ಒಳ್ಳೆಯದನ್ನು ಮೊದಲು ಹೇಳಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದರೆ ಲ-ಳ, ನ-ಣಗಳ ವ್ಯತ್ಯಾಸ ಉಳಿಯುವುದಿಲ್ಲ. ಆದರೂ ಈ ಸಹಾಯಕ ತಡವರಿಸಲಿಲ್ಲ. ‘ಬ್ಯಾಲೆನ್ಸ್ ಎಷ್ಟು’ ಎಂದರೆ ಉತ್ತರ ತಕ್ಷಣ ಬರುತ್ತದೆ.

ಆದರೆ ನಮ್ಮ ತಾಯಿ ಹಾಗೆ ಎರಡೇ ಪದಗಳಲ್ಲಿ ಬರೆಯುವವರಲ್ಲ. ಅವರು ಕಳುಹಿಸಿದ್ದು ಇದು: “ನಮಸ್ಕಾರ ಸರ್, ನಿನ್ನೆ ಗಾಂಧಿಬಜಾರಿನಲ್ಲಿ ಹೂವು ತೆಗೆದುಕೊಳ್ಳುವಾಗ ಕಾರ್ಡು ಕಳೆದುಹೋಯಿತು ಅಂದುಕೊಂಡಿದ್ದೆ, ಬ್ಯಾಗಿನಲ್ಲೇ ಸಿಕ್ಕಿತು, ದಯವಿಟ್ಟು ಬ್ಲಾಕ್ ಮಾಡಬೇಡಿ.” ‘ಕಾರ್ಡ್ ಬ್ಲಾಕ್ ವಿನಂತಿ. ಖಚಿತಪಡಿಸಲು 1 ಒತ್ತಿ’ ಎಂಬ ಉತ್ತರ ಬಂತು. ತಮ್ಮ ಮಾತನ್ನೇ ಖಚಿತಪಡಿಸಿಕೊಳ್ಳುತ್ತಿದ್ದಾರೆಂದು ನಂಬಿ ಅವರು 1 ಒತ್ತಿದರು. ಕಾರ್ಡು ಬ್ಲಾಕ್ ಆಯಿತು.

ಇದು ತಾಯಿಯ ತಪ್ಪು ಎಂದು ನಾನು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ‘ಬೇಡ’ ಎನ್ನುವುದು ಕ್ರಿಯಾಪದಕ್ಕಿಂತ ಮೊದಲೇ ಬರುತ್ತದೆ. ಕನ್ನಡದಲ್ಲಿ ಅದು ವಾಕ್ಯದ ತುದಿಯಲ್ಲಿ, ಕ್ರಿಯಾಪದಕ್ಕೇ ಅಂಟಿಕೊಂಡು ಬರುತ್ತದೆ. ಮಾಡಬೇಕು, ಮಾಡಬೇಡಿ, ಮಾಡಬಹುದೇ, ಮಾಡಿಬಿಟ್ಟಿರಾ ಎಂಬ ನಾಲ್ಕರಲ್ಲೂ ಧಾತು ಒಂದೇ, ಕೇಳುವವರ ಮನಸ್ಸಿನಲ್ಲಿರುವುದು ಮಾತ್ರ ನಾಲ್ಕು ಬಗೆ. ಈ ಸಹಾಯಕ ‘ಬ್ಲಾಕ್’ ಎಂಬ ಪದವನ್ನಷ್ಟೇ ಹಿಡಿದಂತಿದೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜನ್‌ಬಾಮ್ ಪ್ರಕಟಿಸಿದ, ಮಾತುಕತೆ ನಡೆಸುವ ಕಂಪ್ಯೂಟರ್ ಪ್ರೋಗ್ರಾಂ ‘ಎಲೈಝಾ’ ಕೂಡ ಮುಖ್ಯಪದ ಹುಡುಕಿ, ಅದಕ್ಕೆ ಹೊಂದಿಸಿಟ್ಟ ಮಾದರಿಯ ಉತ್ತರ ಕೊಡುತ್ತಿತ್ತು. ಆದರೆ ಅದರ ಕೈಯಲ್ಲಿ ಯಾರ ಕಾರ್ಡೂ ಇರಲಿಲ್ಲ.

ಎರಡೇ ಪದಗಳಲ್ಲಿ ಕೇಳಿ ಎಂದು ನಾನು ಹೇಳಿಕೊಟ್ಟೆ. “ಅಷ್ಟು ಮೊಟಕಾಗಿ ಕೇಳಿದ್ರೆ ಮರ್ಯಾದೆ ಇರುತ್ತೇನೋ?” ಎಂದರು. ನಡೆದದ್ದನ್ನು ಮೊದಲು ತಿಳಿಸಿ, ಬೇಕಾದದ್ದನ್ನು ಕೊನೆಯಲ್ಲಿ ಕೇಳುವುದು ಅವರ ಸೌಜನ್ಯ. ಕನ್ನಡದ ಸೇವೆ ಎಂದು ಕರೆದುಕೊಳ್ಳುವ ವ್ಯವಸ್ಥೆ ಆ ಕ್ರಮವನ್ನು ಕಲಿಯಬೇಕೇ ಹೊರತು, ಎಪ್ಪತ್ತು ದಾಟಿದವರು ಅದನ್ನು ಬಿಡಬೇಕಾಗಿಲ್ಲ. ಕನಿಷ್ಠಪಕ್ಷ ‘ಬ್ಲಾಕ್ ಮಾಡಬೇಕೇ, ಬೇಡವೇ?’ ಎಂದು ಪೂರ್ತಿ ವಾಕ್ಯದಲ್ಲಿ ಕೇಳಿ ಎರಡು ಗುಂಡಿ ಕೊಟ್ಟಿದ್ದರೂ ಸಾಕಿತ್ತು.

ಹೊಸ ಕಾರ್ಡು ಬರಲು ಒಂಬತ್ತು ದಿನ ಹಿಡಿಯಿತು. ಅಲ್ಲಿಯವರೆಗೆ ತಾಯಿ ಶಾಖೆಗೆ ಹೋಗಿ, ಸ್ಲಿಪ್ ಬರೆದು ಹಣ ತೆಗೆದರು. ಕೌಂಟರಿನಲ್ಲಿದ್ದ ಹುಡುಗಿ ಅವರ ಮಾತನ್ನು ಕೊನೆಯವರೆಗೂ ಕೇಳಿದಳು.