ತೊಡೆ ಎಷ್ಟು ಹಿಂದೆ ಹೋಗುತ್ತದೆ: 12 ಇಂಚಿನ ಗೋನಿಯೋಮೀಟರ್ ಬಳಸಿದ ಅನುಭವ

ವಿಕ್ಟೋರಿಯಾ ಆಸ್ಪತ್ರೆಯ ಸುತ್ತಮುತ್ತಲಿನ ಸರ್ಜಿಕಲ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಕೀಲುಗಳ ಕೋನ ಅಳೆಯುವ ಪ್ಲಾಸ್ಟಿಕ್ ಗೋನಿಯೋಮೀಟರನ್ನು ಜಯನಗರದ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಬಹುಕಾಲದಿಂದ ಬಳಸುತ್ತಿದ್ದೇನೆ. ಎರಡು ಪಾರದರ್ಶಕ ತೋಳುಗಳು, ಡಿಗ್ರಿಗಳನ್ನು ಅಚ್ಚು ಹಾಕಿದ ಒಂದು ವೃತ್ತ, ಎಲ್ಲವನ್ನೂ ಹಿಡಿದಿಟ್ಟಿರುವ ಒಂದು ರಿವೆಟ್: ಉಪಕರಣವೆಂದರೆ ಇಷ್ಟೇ. ಮಂಡಿ, ಮೊಣಕೈಗಳ ವಿಷಯದಲ್ಲಿ ಇದರ ಬಗ್ಗೆ ಹೇಳಬೇಕಾದದ್ದು ಹೆಚ್ಚೇನೂ ಇಲ್ಲ. ಆದರೆ ಲಾಲ್‌ಬಾಗಿನಲ್ಲಿ ನಡೆಯುವವರು, ಕಬ್ಬನ್ ಪಾರ್ಕಿನಲ್ಲಿ ಓಡುವವರು, ಯಾವ ನೋವೂ ಇಲ್ಲದಿದ್ದರೂ ಸೊಂಟ ಬಿಗಿಯಾಗಿದೆಯೇ ಎಂದು ತಿಳಿಯಲು ಬರುವ ಆರೋಗ್ಯವಂತರು ಈಚೆಗೆ ಹೆಚ್ಚುತ್ತಿದ್ದಾರೆ. ಸೊಂಟದ ಕೀಲಿನಲ್ಲಿ ತೊಡೆ ಹಿಂದಕ್ಕೆ ಹೋಗುವ ಚಲನೆಯನ್ನು, ಅಂದರೆ ಹಿಪ್ ಎಕ್ಸ್‌ಟೆನ್ಶನನ್ನು, ಅಳೆಯುವ ಈ ಒಂದು ಕೆಲಸಕ್ಕೆ ಗೋನಿಯೋಮೀಟರ್ ಎಷ್ಟು ತಕ್ಕದ್ದು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮೊದಲು ಗಾತ್ರದ ಮಾತು. ಅಂಗಡಿಯಲ್ಲಿ 6 ಇಂಚಿನದೂ ಸಿಗುತ್ತದೆ, ಬೆಲೆಯೂ ಕಡಿಮೆ, ಜೇಬಿನಲ್ಲಿ ಹಿಡಿಸುತ್ತದೆ. ಸೊಂಟಕ್ಕೆ ಅದು ಬೇಡ. ಒಂದು ತೋಳು ತೊಡೆಯ ಹೊರಬದಿಯಲ್ಲಿ ಮಂಡಿಯ ಮೂಳೆಯ ಉಬ್ಬಿನತ್ತ ನೆಟ್ಟಗೆ ನಿಲ್ಲಬೇಕು. ತೋಳಿನ ತುದಿ ಒಂದು ಸೆಂಟಿಮೀಟರ್ ಆಚೀಚೆಯಾದರೆ 30 ಸೆಂಟಿಮೀಟರ್ ಉದ್ದದ ತೋಳಿನಲ್ಲಿ ಸುಮಾರು 2 ಡಿಗ್ರಿ ತಪ್ಪು ಬರುತ್ತದೆ. 15 ಸೆಂಟಿಮೀಟರಿನದರಲ್ಲಿ ಅದೇ ಅಜಾಗ್ರತೆಗೆ ಹತ್ತಿರಹತ್ತಿರ 4 ಡಿಗ್ರಿ. ಒಟ್ಟು ಚಲನೆಯೇ 20 ಡಿಗ್ರಿಯ ಆಸುಪಾಸು ಇರುವ ಕಡೆ 4 ಡಿಗ್ರಿ ಕಳೆದುಕೊಳ್ಳುವುದು ಸಣ್ಣ ಮಾತಲ್ಲ.

ಉಪಕರಣದ ನಿಜವಾದ ಪರೀಕ್ಷೆ ನಡೆಯುವುದು ಮಂಚದ ಮೇಲೆ. ಬಂದವರನ್ನು ಬೋರಲು ಮಲಗಿಸಿ, ಮಂಡಿ ನೇರವಾಗಿಟ್ಟು, ತೊಡೆಯನ್ನು ಮೇಲಕ್ಕೆತ್ತಬೇಕು. ಮಂಡಿ ಮಡಚಿದರೆ ಸೊಂಟ ಮತ್ತು ಮಂಡಿ ಎರಡನ್ನೂ ದಾಟಿ ಹೋಗುವ ರೆಕ್ಟಸ್ ಫೆಮೋರಿಸ್ ಸ್ನಾಯು ಬಿಗಿದುಕೊಂಡು ಚಲನೆಯನ್ನು ಮೊದಲೇ ತಡೆಯುತ್ತದೆ, ಅಳತೆ ಬೇರೆಯದೇ ಆಗುತ್ತದೆ. ಮಂಡಿ ನೇರವಾಗಿದ್ದಾಗ ತೊಡೆಯನ್ನು ಕೊನೆಯಲ್ಲಿ ತಡೆಯುವುದು ಕೀಲಿನ ಮುಂಭಾಗದ ಇಲಿಯೋಫೆಮೋರಲ್ ಅಸ್ಥಿರಜ್ಜು (ಮೂಳೆಗಳನ್ನು ಬಂಧಿಸುವ ಪಟ್ಟಿ) ಮತ್ತು ಇಲಿಯೋಸೋವಾಸ್ ಸ್ನಾಯು. ಈ ಅಸ್ಥಿರಜ್ಜು ದೇಹದ ಅತ್ಯಂತ ಬಲವಾದವುಗಳಲ್ಲಿ ಒಂದು, ಹಾಗಾಗಿ ಆ ತಡೆ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅಲ್ಲಿಂದ ಮುಂದೆಯೂ ಕಾಲು ಏರುತ್ತಿದ್ದರೆ ಏರುತ್ತಿರುವುದು ಕೀಲಿನಿಂದಲ್ಲ. ಪೆಲ್ವಿಸ್, ಅಂದರೆ ಸೊಂಟದ ಮೂಳೆಗಳ ಚೌಕಟ್ಟು, ಮುಂದಕ್ಕೆ ವಾಲುತ್ತದೆ, ಕೆಳಬೆನ್ನು ಕಮಾನಾಗುತ್ತದೆ, ನೋಡುವವರಿಗೆ ಮಾತ್ರ ತೊಡೆಯೇ ಚೆನ್ನಾಗಿ ಹಿಂದಕ್ಕೆ ಹೋದಂತೆ ಕಾಣುತ್ತದೆ. ಗೋನಿಯೋಮೀಟರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ಅಂಗೈಯಿಂದ ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯ ಮೇಲೆ ಒತ್ತಿ ಪೆಲ್ವಿಸನ್ನು ಮಂಚಕ್ಕೆ ಹಿಡಿದಿಡಬೇಕು, ಇನ್ನೊಂದು ಕೈಯಿಂದ ತೊಡೆ ಎತ್ತಬೇಕು, ಉಪಕರಣ ಹಿಡಿಯಲು ಮೂರನೆಯ ಕೈ ಬೇಕು! ಇಬ್ಬರಿಲ್ಲದೆ ಈ ಅಳತೆ ಆಗದು ಎಂಬುದನ್ನು ಉಪಕರಣದ ಜೊತೆ ಬರುವ ಚೀಟಿ ಹೇಳುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ.

ಸ್ಥಿರವಾಗಿರಬೇಕಾದ ತೋಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆಯೂ ಇದಕ್ಕೇ ಸೇರಿದ್ದು. ದೇಹದ ಪಕ್ಕದ ನಡುಗೆರೆಗೆ ಸರಿಯಾಗಿ ಇಡಿ ಎಂದು ಸಾಮಾನ್ಯವಾಗಿ ಕಲಿಸುತ್ತಾರೆ. ಹಾಗಿಟ್ಟರೆ ಬೆನ್ನಿನ ಕಮಾನೂ ಲೆಕ್ಕದೊಳಗೆ ಬಂದುಬಿಡುತ್ತದೆ. 1956ರಲ್ಲೇ ಅಮೆರಿಕದ ಮಂಡೇಲ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ತೋರಿಸಿದ್ದರು: ಪೆಲ್ವಿಸಿನ ಮುಂದಿನ ಮತ್ತು ಹಿಂದಿನ ಮೇಲ್ತುದಿಗಳನ್ನು ಸೇರಿಸುವ ಗೆರೆ ಎಳೆದು, ತೊಡೆಮೂಳೆಯ ಹೊರ ಉಬ್ಬಿನಿಂದ ಆ ಗೆರೆಗೊಂದು ಲಂಬ ಎಳೆದು, ಆ ಲಂಬಕ್ಕೂ ತೊಡೆಮೂಳೆಗೂ ನಡುವಿನ ಕೋನವನ್ನು ಓದುವುದು. ಪೆಲ್ವಿಸ್ ವಾಲಿದರೆ ಲಂಬವೂ ಅದರ ಜೊತೆಗೇ ತಿರುಗುವುದರಿಂದ ಕೀಲಿನ ಪಾಲು ಮಾತ್ರ ಉಳಿಯುತ್ತದೆ. ನಾನು ಇದನ್ನೇ ಅನುಸರಿಸುತ್ತೇನೆ. ಐಬ್ರೋ ಪೆನ್ಸಿಲಿನಿಂದ ಚರ್ಮದ ಮೇಲೆ ಮೂರು ಚುಕ್ಕೆ ಇಟ್ಟುಕೊಳ್ಳುತ್ತೇನೆ. ಪಾರದರ್ಶಕ ತೋಳಿನ ನಡುವೆ ಓಡುವ ಕಪ್ಪು ಗೆರೆಯನ್ನು ಚುಕ್ಕೆಗಳ ಮೇಲೆ ಕೂರಿಸುವುದು ಸುಲಭ, ಪ್ಲಾಸ್ಟಿಕ್ ಮಾದರಿಯ ದೊಡ್ಡ ಅನುಕೂಲವೇ ಇದು. ಲೋಹದ ಗೋನಿಯೋಮೀಟರ್ ನೋಡಲು ಗಟ್ಟಿಮುಟ್ಟಾಗಿದ್ದರೂ ಅದರ ಮೂಲಕ ಚುಕ್ಕೆ ಕಾಣಿಸುವುದಿಲ್ಲ.

ಮಂಚದ ಅಂಚಿನಲ್ಲಿ ಅಂಗಾತ ಮಲಗಿಸಿ, ಒಂದು ಮಂಡಿಯನ್ನು ಎದೆಗೆ ತಬ್ಬಿಕೊಳ್ಳಲು ಹೇಳಿ, ಇನ್ನೊಂದು ಕಾಲನ್ನು ಇಳಿಬಿಡುವ ಥಾಮಸ್ ಪರೀಕ್ಷೆಯ ಬದಲಾದ ರೂಪ ನಮ್ಮ ಜಿಮ್‌ಗಳಲ್ಲೂ ಓಟಗಾರರ ಗುಂಪುಗಳಲ್ಲೂ ಹೆಚ್ಚು ಬಳಕೆಯಲ್ಲಿದೆ. ಮೂಲ ಪರೀಕ್ಷೆ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಶಸ್ತ್ರವೈದ್ಯ ಹ್ಯೂ ಓವನ್ ಥಾಮಸ್ ಅವರದು, ಅದೂ ರೋಗಿಗಳಲ್ಲಿ ಸೊಂಟ ಮಡಚಿಯೇ ಉಳಿದಿದೆಯೇ ಎಂದು ಕಂಡುಹಿಡಿಯಲು. ಆರೋಗ್ಯವಂತರಲ್ಲಿ ಇದನ್ನು ಎಕ್ಸ್‌ಟೆನ್ಶನ್ ಅಳತೆಯಾಗಿ ಬಳಸಿದಾಗ, ಪೆಲ್ವಿಸಿನ ವಾಲುವಿಕೆಯನ್ನು ತಡೆಯದಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ ಎಂದು 2016ರ ಒಂದು ಅಧ್ಯಯನ ನೇರವಾಗಿಯೇ ಹೇಳಿತು. ತಬ್ಬಿದ ಮಂಡಿಯನ್ನು ಕೊಂಚ ಸಡಿಲಿಸಿ ನೋಡಿ, ಇಳಿಬಿಟ್ಟ ತೊಡೆ ಇನ್ನಷ್ಟು ಕೆಳಗಿಳಿಯುತ್ತದೆ. ಕೀಲು ಅದೇ, ಸ್ನಾಯು ಅದೇ, ಅಂಕಿ ಮಾತ್ರ ಬೇರೆ.

ಇಷ್ಟೆಲ್ಲ ಮಾಡುವ ಬದಲು ಫೋನ್ ಸಾಲದೇ ಎಂದು ಕೇಳುವವರಿದ್ದಾರೆ. ಸಾಲುತ್ತದೆ, ಆದರೆ ಅರ್ಧ ಕೆಲಸಕ್ಕೆ. ಫೋನ್ ಅಳೆಯುವುದು ಗುರುತ್ವಕ್ಕೆ ಹೋಲಿಸಿದ ಓರೆಯನ್ನು, ಪೆಲ್ವಿಸಿಗೆ ಹೋಲಿಸಿದ್ದನ್ನಲ್ಲ. ತೊಡೆಯ ಮೇಲಿಟ್ಟ ಫೋನ್ 14 ಡಿಗ್ರಿ ತೋರಿಸಿದಾಗ ಪೆಲ್ವಿಸ್ ತನ್ನ ಮೊದಲ ನೆಲೆಯಿಂದ 9 ಡಿಗ್ರಿ ವಾಲಿದ್ದರೆ ಕೀಲಿನ ಪಾಲು 5 ಮಾತ್ರ. ಹಾಗಾಗಿ ಪೆಲ್ವಿಸಿನ ಮೇಲೊಂದು, ತೊಡೆಯ ಮೇಲೊಂದು ಓದು ತೆಗೆದುಕೊಂಡು ಕಳೆಯಬೇಕು. ಹಿಂಬದಿಯ ಕ್ಯಾಮೆರಾ ಉಬ್ಬಿರುವ ಫೋನು ತೊಡೆಯ ಮೇಲೆ ಅಲುಗಾಡುತ್ತದೆ, ಅದರ ಉದ್ದನೆಯ ಅಂಚನ್ನು ಊರಿ ಹಿಡಿಯುವುದೇ ಸರಿ. ದಶಮಾಂಶ ತೋರಿಸುವ ಆ್ಯಪ್‌ಗಳಿಗೆ ಹಣ ಕೊಡಬೇಡಿ. ಕೈ ಅಷ್ಟು ನಿಖರವಾಗಿರುವುದಿಲ್ಲ.

ಅಂಕಿ ಕೈಗೆ ಬಂದ ಮೇಲೆ ಅದನ್ನು ಯಾವುದಕ್ಕೆ ಹೋಲಿಸುವುದು? ಹಳೆಯ ಕೈಪಿಡಿಗಳು 30 ಡಿಗ್ರಿ ಎನ್ನುತ್ತವೆ. ಅಮೆರಿಕದಲ್ಲಿ 1970ರ ದಶಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಅಳೆದಿದ್ದ 1,600ಕ್ಕೂ ಹೆಚ್ಚು ವಯಸ್ಕರ ವಿವರಗಳನ್ನು 1991ರಲ್ಲಿ ವಿಶ್ಲೇಷಿಸಿದಾಗ ಸಿಕ್ಕ ಸರಾಸರಿ 25ರಿಂದ 39 ವಯಸ್ಸಿನವರಲ್ಲಿ 22 ಡಿಗ್ರಿ, 40ರಿಂದ 59ರವರಲ್ಲಿ 18, 60ರಿಂದ 74ರವರಲ್ಲಿ 17. ನಡೆಯುವಾಗ ಹಿಂಗಾಲು ನೆಲ ಬಿಡುವ ಮುನ್ನ ಬೇಕಾಗುವುದು ಸುಮಾರು 10. ಮೂವತ್ತನ್ನು ಗುರಿಯಾಗಿಟ್ಟುಕೊಂಡು, 18 ಬಂದವರಿಗೆ ನಿಮ್ಮ ಸೊಂಟ ಜಡ್ಡುಗಟ್ಟಿದೆ ಎಂದು ಹೆದರಿಸುವುದು ಅನ್ಯಾಯ. ಅದೇ ರೀತಿ, ಗೋನಿಯೋಮೀಟರಿನ ಅಳತೆಯಲ್ಲಿ 5 ಡಿಗ್ರಿಯವರೆಗಿನ ಏರಿಳಿತ ಸಹಜವೆಂದು ನಾವು ಒಪ್ಪಿಕೊಳ್ಳುವುದರಿಂದ, ಸ್ಟ್ರೆಚಿಂಗ್ ಮಾಡಿದ ಮೇಲೆ 3 ಡಿಗ್ರಿ ಹೆಚ್ಚಾಯಿತು ಎಂದು ಸಂಭ್ರಮಿಸಲೂ ಆಗದು.

"ಮೇಡಂ, ನನ್ನ ಪೆಲ್ವಿಸ್ ಮುಂದಕ್ಕೆ ವಾಲಿದೆಯಂತೆ, ಸರಿ ಮಾಡಿಸ್ಕೋಬೇಕಂತೆ" ಎಂದು ಆತಂಕದಿಂದ ಬರುವ ಇಪ್ಪತ್ತೈದರ ಹುಡುಗರನ್ನು ನೋಡಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ನೋವಿಲ್ಲದ 120 ಮಂದಿಯನ್ನು ನಿಲ್ಲಿಸಿ ಅಳೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡಸರಲ್ಲಿ ನೂರಕ್ಕೆ 85, ಹೆಂಗಸರಲ್ಲಿ ನೂರಕ್ಕೆ 75 ಮಂದಿಯ ಪೆಲ್ವಿಸ್ ಮುಂದಕ್ಕೇ ವಾಲಿತ್ತು. ಬಹುಪಾಲು ಆರೋಗ್ಯವಂತರಲ್ಲಿ ಇರುವುದನ್ನು ದೋಷವೆಂದು ಹೇಳಿ ಪ್ಯಾಕೇಜ್ ಮಾರುವವರು ಯಾವ ಉಪಕರಣ ಹಿಡಿದರೂ ಪ್ರಯೋಜನವಿಲ್ಲ.

ಇನ್ನು ಉಪಕರಣದ ಕೊರತೆಗಳು. ಸ್ಪಿರಿಟ್ಟಿನಿಂದ ಒರೆಸಿ ಒರೆಸಿ ಡಿಗ್ರಿಯ ಅಚ್ಚು ಮಾಸುತ್ತದೆ, ಅದರಲ್ಲೂ ಬೆರಳು ಹೆಚ್ಚು ತಾಗುವ ಕಡೆ. ಸೋಪಿನ ನೀರು ಸಾಕು. ವೃತ್ತದಲ್ಲಿ ಒಂದರ ಮೇಲೊಂದು ಎರಡು ಸಾಲು ಅಂಕಿಗಳಿರುವುದರಿಂದ ಹೊಸಬರು ತಪ್ಪು ಸಾಲು ಓದುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ರಿವೆಟ್: ಅದು ಸಡಿಲವಾದರೆ, ಓದಲೆಂದು ಉಪಕರಣವನ್ನು ಕಣ್ಣಿನ ಮಟ್ಟಕ್ಕೆ ತರುವಷ್ಟರಲ್ಲಿ ತೋಳು ಜಾರಿರುತ್ತದೆ, ಬಿಗಿಗೊಳಿಸಲು ದಾರಿಯಿಲ್ಲ, ಹೊಸದನ್ನೇ ಕೊಳ್ಳಬೇಕು.

ಇಬ್ಬರು ಸೇರಿ ಅಳೆಯುವ ಕ್ಲಿನಿಕ್ಕಿಗೂ ವಿದ್ಯಾರ್ಥಿಗಳಿಗೂ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಮನೆಯಲ್ಲಿ ಒಬ್ಬರೇ ತಮ್ಮ ಸೊಂಟ ಅಳೆದುಕೊಳ್ಳಲು ಹೊರಟವರು ಕೊಳ್ಳಬೇಡಿ. ಕೊಳ್ಳುವವರು ಅಂಗಡಿಯಲ್ಲೇ ತೋಳುಗಳನ್ನು 90 ಡಿಗ್ರಿಗೆ ತಿರುಗಿಸಿ, ಕೌಂಟರಿನ ಗಾಜಿನ ಮೂಲೆಗೆ ಹೊಂದಿಸಿ ನೋಡಿ. ಎರಡೂ ಅಂಚುಗಳು ಸಂದಿಲ್ಲದೆ ಕೂತರೆ ಅಚ್ಚು ಸರಿಯಿದೆ. ಆಮೇಲೆ ಒಂದು ತೋಳನ್ನು ಅಡ್ಡವಾಗಿ ಹಿಡಿದು ಇನ್ನೊಂದನ್ನು ಗಾಳಿಯಲ್ಲಿ ಬಿಡಿ. ತನ್ನ ಭಾರಕ್ಕೆ ತಾನೇ ಕೆಳಗಿಳಿದರೆ ಅದನ್ನು ಹಿಂದಕ್ಕೆ ಕೊಟ್ಟು ಬೇರೆಯದನ್ನು ಕೇಳಿ.